ನಿಯಮ ಬರೆಯುವ ಕೈ

2021ರ ಅಕ್ಟೋಬರ್ 8ರಂದು ಗುರುಗ್ರಾಮದ ಉದ್ಯೋಗ ವಿಹಾರದಲ್ಲಿರುವ ಅರ್ಬನ್ ಕಂಪನಿಯ ಕಚೇರಿ ಮುಂದೆ ನೂರರಷ್ಟು ಮಹಿಳೆಯರು ಬಂದು ನಿಂತರು. ಎಲ್ಲರೂ ಆ ಕಂಪನಿಯ ಆ್ಯಪ್ ಮೂಲಕ ಕೆಲಸ ಹಿಡಿದು, ಮನೆಮನೆಗೆ ಹೋಗಿ ಫೇಶಿಯಲ್, ವ್ಯಾಕ್ಸಿಂಗ್, ಮಸಾಜ್ ಮಾಡುವವರು. ಒಂದೇ ಕಂಪನಿಗೆ ದುಡಿದರೂ ಒಂದೇ ಸೂರಿನಡಿ ದುಡಿಯುವವರಲ್ಲ. ದಿನವಿಡೀ ಒಬ್ಬೊಬ್ಬರು ಒಂದೊಂದು ಅಪಾರ್ಟ್‌ಮೆಂಟಿನಲ್ಲಿ. ಅವರನ್ನು ಒಂದು ಸಮುದಾಯವನ್ನಾಗಿ ಮಾಡಿದ್ದು ಆ್ಯಪ್ ಮತ್ತು ವಾಟ್ಸ್‌ಆ್ಯಪ್ ಗುಂಪುಗಳು. ಅಂದು ಅವರು ಹೇಳಿದ್ದು ಸ್ಪಷ್ಟವಾಗಿತ್ತು: ಕಮಿಷನ್ ವಿಪರೀತವಾಗಿದೆ, ಸಾಮಗ್ರಿಯನ್ನೆಲ್ಲ ಕಂಪನಿಯಿಂದಲೇ ಕೊಳ್ಳಬೇಕಾಗಿದೆ, ಮಾತುಮಾತಿಗೆ ದಂಡ ಬೀಳುತ್ತಿದೆ, ರೇಟಿಂಗ್ ಇಳಿದರೆ ಆ್ಯಪ್‌ನಲ್ಲಿ ಕೆಲಸ ಪಡೆಯುವ ಐಡಿಯೇ ಬ್ಲಾಕ್ ಆಗುತ್ತಿದೆ.

ಕಂಪನಿ ತಡಮಾಡಲಿಲ್ಲ. ಕೆಲವೇ ದಿನಗಳಲ್ಲಿ 12 ಅಂಶಗಳ ಕಾರ್ಯಕ್ರಮ ಪ್ರಕಟಿಸಿತು. ಸೌಂದರ್ಯ ಸೇವೆಯ ಗರಿಷ್ಠ ಕಮಿಷನ್ ಶೇ 30ರಿಂದ 25ಕ್ಕೆ ಇಳಿಯಿತು, ದಂಡಕ್ಕೆ ಮಿತಿ ಬಂತು, ದೂರು ಕೇಳುವ ವ್ಯವಸ್ಥೆ ಸುಧಾರಿಸುವ ಮಾತು ಬಂತು. ಆದರೆ ಎರಡೂವರೆ ತಿಂಗಳು ತುಂಬುವ ಮೊದಲೇ, ಡಿಸೆಂಬರ್ 20ರಂದು, ಅದೇ ಗೇಟಿನ ಮುಂದೆ ಮಹಿಳೆಯರು ಮತ್ತೆ ಕುಳಿತಿದ್ದರು. ಕೆಲಸ ಮಾಡುವವರನ್ನು ಹೊಸ ದರ್ಜೆಗಳಾಗಿ ವಿಂಗಡಿಸಿ, ಹೆಚ್ಚು ಕೆಲಸ ಬೇಕಾದವರು ಮುಂಗಡ ಹಣ ಕಟ್ಟಬೇಕು, ವಾರಾಂತ್ಯ ದುಡಿಯಲೇಬೇಕು ಎಂಬಂಥ ಷರತ್ತುಗಳನ್ನು ಕಂಪನಿ ತಂದಿತ್ತು. ಉತ್ತರ ಭಾರತದ ಡಿಸೆಂಬರ್ ಚಳಿಯಲ್ಲಿ ರಾತ್ರಿಯನ್ನೂ ಅವರು ಅಲ್ಲೇ ಕಳೆದರು. ಈ ಸಲ ಕಂಪನಿ ಕಾರ್ಯಕ್ರಮ ಪ್ರಕಟಿಸಲಿಲ್ಲ. ಗುರುಗ್ರಾಮದ ನ್ಯಾಯಾಲಯಕ್ಕೆ ಹೋಗಿ, ನಾಲ್ವರು ಮಹಿಳೆಯರನ್ನೂ ಇತರರನ್ನೂ ಪ್ರತಿವಾದಿಗಳನ್ನಾಗಿ ಮಾಡಿ, ಧರಣಿಗೆ ಶಾಶ್ವತ ತಡೆಯಾಜ್ಞೆ ಬೇಡಿತು.

ಅಕ್ಟೋಬರ್‌ಗೂ ಡಿಸೆಂಬರ್‌ಗೂ ನಡುವೆ ಕೆಟ್ಟದ್ದೇನು? ಇಂಥ ಪ್ರಶ್ನೆಗೆ ಕಾರ್ಪೊರೇಟ್ ವಲಯದಲ್ಲಿ, ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ, ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಒಂದು ಸಿದ್ಧ ಉತ್ತರವಿದೆ. ಸಂವಹನ ಸರಿಯಿರಲಿಲ್ಲ, ಕಂಪನಿ ತನ್ನ ಉದ್ದೇಶವನ್ನು ತಿಳಿಹೇಳಲಿಲ್ಲ, ಹಾಗಾಗಿ ನಂಬಿಕೆ ಮುರಿಯಿತು ಎಂಬುದು ಆ ಉತ್ತರ. ಪರಿಹಾರವೂ ಅದರ ಜೊತೆಗೇ ಸಿದ್ಧವಾಗಿರುತ್ತದೆ: ಸಿಇಒ ಮನಬಿಚ್ಚಿ ಕ್ಷಮೆ ಕೇಳಲಿ, ಸಭೆ ಕರೆಯಲಿ, ಸಮೀಕ್ಷೆ ಮಾಡಿಸಲಿ, ಸಮುದಾಯದ ಜೊತೆ ಮಾತಾಡಲೆಂದೇ ಒಂದು ತಂಡ ಇಡಲಿ, ಆಮೇಲೆ ಕಾಲವೇ ಎಲ್ಲವನ್ನೂ ಸರಿಮಾಡುತ್ತದೆ. ಈ ವಾದವನ್ನು ಒಪ್ಪಲಾಗದು. ಅದು ರೋಗವನ್ನೇ ತಪ್ಪಾಗಿ ಗುರುತಿಸುತ್ತದೆ. ತಪ್ಪು ಗುರುತಿಸುವುದರಿಂದ ಪ್ರತಿಸಲವೂ ನಷ್ಟ ಅನುಭವಿಸುವವರು ದುಡಿಯುವವರು.

ಉದ್ಯೋಗ ವಿಹಾರದ ಗೇಟಿನಲ್ಲಿ ಕುಳಿತ ಮಹಿಳೆಯರಿಗೆ ಕಂಪನಿಯ ಮಾತು ಅರ್ಥವಾಗದೇ ಇರಲಿಲ್ಲ. ಚೆನ್ನಾಗಿಯೇ ಅರ್ಥವಾಗಿತ್ತು. ಅಕ್ಟೋಬರ್‌ನಲ್ಲಿ ಕೊಟ್ಟದ್ದನ್ನು ಡಿಸೆಂಬರ್‌ನಲ್ಲಿ ಇನ್ನೊಂದು ಹೆಸರಿನಲ್ಲಿ ವಾಪಸ್ ಪಡೆಯುವ ಅಧಿಕಾರ ಕಂಪನಿಯ ಕೈಯಲ್ಲೇ ಉಳಿದಿದೆ ಎಂಬುದು ಅವರಿಗೆ ತಿಳಿದುಹೋಗಿತ್ತು. 12 ಅಂಶಗಳನ್ನು ಬರೆದದ್ದೂ ಕಂಪನಿ, ಹೊಸ ದರ್ಜೆಗಳನ್ನು ಬರೆದದ್ದೂ ಕಂಪನಿ. ಒಂದರಲ್ಲಿ ಲಾಭವಾಯಿತು, ಇನ್ನೊಂದರಲ್ಲಿ ನಷ್ಟವಾಯಿತು. ಎರಡರಲ್ಲೂ ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಅಧಿಕಾರ ಎಂಬ ಈ ದೊಡ್ಡ ಮಾತು ದಿನನಿತ್ಯದ ಬದುಕಿನಲ್ಲಿ ಹೇಗೆ ಕಾಣಿಸುತ್ತದೆ ಎಂಬುದನ್ನು ನೋಡಲು ರೇಟಿಂಗ್ ಒಂದೇ ಸಾಕು. 2023ರ ಜೂನ್–ಜುಲೈನಲ್ಲಿ ದೆಹಲಿ, ಬೆಂಗಳೂರು ಸೇರಿ ಹಲವು ನಗರಗಳಲ್ಲಿ ಅರ್ಬನ್ ಕಂಪನಿಯ ಕೆಲಸಗಾರರು ಮತ್ತೆ ಬೀದಿಗಿಳಿದಾಗ ಅವರ ಮುಖ್ಯ ದೂರು ಇದ್ದದ್ದು 4.7 ಎಂಬ ಅಂಕಿಯ ಬಗ್ಗೆ. ರೇಟಿಂಗ್ ಅದಕ್ಕಿಂತ ಕೆಳಗಿಳಿದರೆ ಐಡಿ ಹೋಗುತ್ತದೆ ಎಂದು ಅವರು ಹೇಳುತ್ತಿದ್ದರು. ಬಂದ ಕೆಲಸಗಳಲ್ಲಿ ಶೇ 70ರಷ್ಟನ್ನಾದರೂ ಒಪ್ಪಿಕೊಳ್ಳಬೇಕೆಂಬ ಷರತ್ತಿನ ಬಗ್ಗೆಯೂ ತಕರಾರಿತ್ತು. ಕೇಳಿದವರಿಗೆ 5ರಲ್ಲಿ 4.7 ಒಳ್ಳೆಯ ಗುಣಮಟ್ಟವೆಂದೇ ಅನಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಹತ್ತು ಗ್ರಾಹಕರಲ್ಲಿ ಒಂಬತ್ತು ಮಂದಿ ಐದು ಸ್ಟಾರ್ ಕೊಟ್ಟು, ಲಿಫ್ಟ್ ಕೆಟ್ಟು ತಡವಾಯಿತೆಂದು ಹತ್ತನೆಯವರು ಒಂದೇ ಸ್ಟಾರ್ ಕೊಟ್ಟರೆ ಸರಾಸರಿ 4.6. ಅಂದರೆ ಆಕೆ ಗೆರೆಯ ಕೆಳಗೆ. ಒಬ್ಬರೂ ಸಿಟ್ಟಾಗದೆ, ಹತ್ತರಲ್ಲಿ ನಾಲ್ವರು ಚೆನ್ನಾಗಿತ್ತು ಎಂಬ ಅರ್ಥದಲ್ಲಿ ನಾಲ್ಕು ಸ್ಟಾರ್ ಒತ್ತಿದರೂ ಅಷ್ಟೇ, 4.6. ನಾಲ್ಕು ಸ್ಟಾರ್ ಒತ್ತುವ ಗ್ರಾಹಕಿ ತಾನು ಹೊಗಳುತ್ತಿದ್ದೇನೆ ಅಂದುಕೊಂಡಿರುತ್ತಾಳೆ. ಎದುರಿಗಿದ್ದವಳ ಅನ್ನಕ್ಕೆ ಅದು ಕುತ್ತು ಎಂಬುದನ್ನು ಆಕೆಗೆ ಯಾರೂ ಹೇಳಿರುವುದಿಲ್ಲ.

ಐಡಿ ಹೋಯಿತು ಅಂದರೆ ಏನೇನು ಹೋಗುತ್ತದೆ? ವ್ಯಾಕ್ಸ್ ಹೀಟರ್, ಟವೆಲ್, ಕ್ರೀಮಿನ ಡಬ್ಬಿಗಳು ತುಂಬಿದ ಆ ದೊಡ್ಡ ಬ್ಯಾಗು ಮನೆಯ ಮೂಲೆ ಸೇರುತ್ತದೆ. ಕೊಂಡ ಸಾಮಗ್ರಿಯ ದುಡ್ಡು ಅದರಲ್ಲೇ ಸಿಕ್ಕಿಕೊಂಡಿರುತ್ತದೆ. ಸ್ಕೂಟಿಗೆ ಸಾಲ ಮಾಡಿದ್ದರೆ ಕಂತು ನಿಲ್ಲುವುದಿಲ್ಲ. ವರ್ಷಗಟ್ಟಲೆ ಗಳಿಸಿದ ರೇಟಿಂಗು, ಕಾಯಂ ಗಿರಾಕಿಗಳ ವಿಳಾಸ, ಮಾಡಿದ ಕೆಲಸದ ದಾಖಲೆ ಎಲ್ಲವೂ ಆ್ಯಪ್‌ನ ಒಳಗೇ ಉಳಿಯುತ್ತವೆ. ಬೇರೆ ಕಂಪನಿಗೆ ಹೋದರೆ ಮತ್ತೆ ಸೊನ್ನೆಯಿಂದ ಶುರು. ಏಕೆ ಬ್ಲಾಕ್ ಆಯಿತು ಎಂದು ಕೇಳಲು ಮನುಷ್ಯರು ಸಿಗಬೇಕೆಂಬುದೇ ಧರಣಿಗಳಲ್ಲಿ ಕೇಳಿಬಂದ ಬೇಡಿಕೆಯಾಗಿತ್ತು. ಇದನ್ನೆಲ್ಲ ಸಂವಹನದ ಕೊರತೆ ಎಂದು ಕರೆದರೆ ಆ ಮಹಿಳೆಯರ ಬುದ್ಧಿಗೂ ದುಡಿಮೆಗೂ ಅವಮಾನ ಮಾಡಿದಂತೆ.

ಗುರುಗ್ರಾಮದ್ದೇ ಇನ್ನೊಂದು ಪ್ರಕರಣ ಈ ವಾದವನ್ನು ಪರೀಕ್ಷಿಸಲು ನೆರವಾಗುತ್ತದೆ. ಅದರಲ್ಲಿದ್ದವರು ಬಡ ದುಡಿಮೆಗಾರರಲ್ಲ, ಹೋಟೆಲ್ ಮಾಲೀಕರು. 2019ರ ಆಗಸ್ಟ್ ಮಧ್ಯದಲ್ಲಿ ಗುರುಗ್ರಾಮದ ಸುಮಾರು ಮುನ್ನೂರು ರೆಸ್ಟೋರೆಂಟ್‌ಗಳು ಜೊಮ್ಯಾಟೊ ಗೋಲ್ಡ್ ಮತ್ತು ಅಂಥ ಇತರ ರಿಯಾಯಿತಿ ಯೋಜನೆಗಳಿಂದ ಒಟ್ಟಿಗೆ ಹೊರಬಂದವು. 'ಲಾಗ್‌ಔಟ್' ಎಂದೇ ಹೆಸರಾದ ಆ ಚಳವಳಿ ರಾಷ್ಟ್ರೀಯ ರೆಸ್ಟೋರೆಂಟ್ ಸಂಘದ ಬೆಂಬಲದಿಂದ ಬೇರೆ ನಗರಗಳಿಗೂ ಹಬ್ಬಿತು. ಜೊಮ್ಯಾಟೊ ಸ್ಥಾಪಕ ದೀಪಿಂದರ್ ಗೋಯಲ್ ಟ್ವಿಟರ್‌ನಲ್ಲಿ ತಪ್ಪಾಗಿದೆ ಎಂದು ಒಪ್ಪಿಕೊಂಡರು, ಚಳವಳಿ ಕೈಬಿಡಿ ಎಂದು ಮನವಿ ಮಾಡಿದರು. ದಿನಕ್ಕೆ ಒಂದೇ ಸಲ, ಮೇಜಿಗೆ ಇಂತಿಷ್ಟೇ ಎಂದು ಗೋಲ್ಡ್ ಬಳಕೆಗೆ ಕೆಲವು ಮಿತಿಗಳೂ ಬಂದವು. ಸಿಇಒ ಸ್ವತಃ ಮುಂದೆ ಬಂದ, ತಪ್ಪೊಪ್ಪಿಕೊಂಡ, ಮಾತುಕತೆಯೂ ನಡೆಯಿತು. ಪ್ರಚಲಿತ ವಾದ ಕೇಳುವುದೆಲ್ಲ ಆಯಿತು. ಆದರೆ ಮರುತಿಂಗಳೇ ಗೋಲ್ಡ್ ಯೋಜನೆಯನ್ನು ಮನೆಗೆ ತರಿಸಿಕೊಳ್ಳುವ ಊಟಕ್ಕೂ ವಿಸ್ತರಿಸಲಾಯಿತು. ಹೋಟೆಲ್‌ನವರ ಸಿಟ್ಟು ಮತ್ತೆ ಭುಗಿಲೆದ್ದಿತು. 2021ರ ಜುಲೈನಲ್ಲಿ ಅವರ ಸಂಘ ಜೊಮ್ಯಾಟೊ, ಸ್ವಿಗ್ಗಿ ಎರಡರ ಮೇಲೂ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ಆಯೋಗ ತನಿಖೆಗೆ ಆದೇಶಿಸಿತು. ದುಡ್ಡು, ವಕೀಲರು, ಸಂಘಟನೆ ಎಲ್ಲವೂ ಇದ್ದ ಮಾಲೀಕರಿಗೇ ಕ್ಷಮಾಪಣೆಯಿಂದ ನೆಮ್ಮದಿ ಸಿಗಲಿಲ್ಲ. ಬ್ಯಾಗು ಹೊತ್ತು ಓಡಾಡುವ ಬ್ಯೂಟಿಷಿಯನ್‌ಗೆ ಅದರಿಂದ ಎಷ್ಟು ಸಿಕ್ಕೀತು?

ಪ್ರಚಲಿತ ವಾದದವರು ಇಲ್ಲಿ ಒಂದು ಗಟ್ಟಿ ಉದಾಹರಣೆ ಮುಂದಿಡಬಹುದು. 2024ರ ಮಾರ್ಚ್ 19ರಂದು ಜೊಮ್ಯಾಟೊ ಶುದ್ಧ ಸಸ್ಯಾಹಾರಿಗಳಿಗೆಂದು ಹಸಿರು ಸಮವಸ್ತ್ರದ ಪ್ರತ್ಯೇಕ ಡೆಲಿವರಿ ಪಡೆ ಪ್ರಕಟಿಸಿತು. ಕೆಂಪು ಅಂಗಿಯ ಹುಡುಗರನ್ನು ಮಾಂಸದೂಟ ತರುವವರೆಂದು ಗುರುತಿಸಿ ವಸತಿ ಸಮುಚ್ಚಯಗಳು ಗೇಟಿನಲ್ಲೇ ತಡೆದಾವು ಎಂಬ ಆತಂಕ ವ್ಯಕ್ತವಾಯಿತು. ಒಂದೇ ರಾತ್ರಿಯಲ್ಲಿ ಹಸಿರು ಬಟ್ಟೆ ಹಿಂದೆ ಸರಿಯಿತು, ಎಲ್ಲರಿಗೂ ಕೆಂಪೇ ಉಳಿಯಿತು. ಆ ನಿರ್ಧಾರ ಸರಿಯಾದದ್ದು, ಬೇಗ ತೆಗೆದುಕೊಂಡದ್ದೂ ಸರಿಯೇ. ಹಾಗೆಯೇ 2025ರ ಮಾರ್ಚ್‌ನಲ್ಲಿ ಅರ್ಬನ್ ಕಂಪನಿ ಮುಂಬೈಯಲ್ಲಿ ಹದಿನೈದು ನಿಮಿಷಕ್ಕೆ ಮನೆಗೆಲಸದವರನ್ನು ಕಳಿಸುವ 'ಇನ್‌ಸ್ಟಾ ಮೇಡ್ಸ್' ತಂದಾಗ ಟೀಕೆ ಬಂತು, ಹೆಸರು ಕೂಡಲೇ 'ಇನ್‌ಸ್ಟಾ ಹೆಲ್ಪ್' ಆಯಿತು.

ಈಗ ಇದರ ಪಕ್ಕದಲ್ಲಿ 2023ರ ಏಪ್ರಿಲ್ ಇಟ್ಟು ನೋಡಬೇಕು. ಜೊಮ್ಯಾಟೊ ಒಡೆತನದ ದಿನಸಿ ಡೆಲಿವರಿ ಆ್ಯಪ್ ಬ್ಲಿಂಕಿಟ್ ಆಗ ಪ್ರತಿ ಡೆಲಿವರಿಗೆ ಸಿಗುತ್ತಿದ್ದ 25 ರೂಪಾಯಿಯ ಕನಿಷ್ಠ ದರವನ್ನು 15ಕ್ಕೆ ಇಳಿಸಿ, ಉಳಿದದ್ದನ್ನು ದೂರಕ್ಕೆ ತಕ್ಕಂತೆ ಎಂದು ಬದಲಿಸಿತು. ದೆಹಲಿ, ಗುರುಗ್ರಾಮ, ನೋಯ್ಡಾಗಳಲ್ಲಿ ಸವಾರರು ಕೆಲಸ ನಿಲ್ಲಿಸಿದರು. ರಾಷ್ಟ್ರ ರಾಜಧಾನಿ ಪ್ರದೇಶದ (ಎನ್‌ಸಿಆರ್) ಹತ್ತಾರು ಡಾರ್ಕ್ ಸ್ಟೋರ್‌ಗಳು, ಅಂದರೆ ಡೆಲಿವರಿಗೆಂದೇ ಇರುವ ದಾಸ್ತಾನು ಮಳಿಗೆಗಳು, ದಿನಗಟ್ಟಲೆ ಬಾಗಿಲು ಹಾಕಿದವು. ಇಷ್ಟಾದರೂ ಹೊಸ ದರ ಹಿಂದೆ ಹೋಗಲಿಲ್ಲ. ಕೆಲವರು ಸೋತು ಮರಳಿದರು, ಕೆಲವರು ಬೇರೆ ಆ್ಯಪ್ ಹಿಡಿದರು. ಅಂಗಿಯ ಬಣ್ಣ ಬದಲಿಸಲು, ಸೇವೆಯ ಹೆಸರು ತಿದ್ದಲು ಹೆಚ್ಚು ಸಮಯ ಬೇಕಾಗಲಿಲ್ಲ, ಏಕೆಂದರೆ ಅದರಿಂದ ಕಂಪನಿಯ ಖರ್ಚು ಹೆಚ್ಚುವುದಿಲ್ಲ, ದನಿ ಎತ್ತಿದವರು ಗ್ರಾಹಕರು. ದರದ ಪ್ರಶ್ನೆಯಲ್ಲಿ ದನಿ ಎತ್ತಿದವರು ಒಳಗಿನವರು. ಅವರ ಮಾತು ಕಂಪನಿಗೆ ಕೇಳಿಸಿತು. ಒಪ್ಪಲೇಬೇಕೆಂಬ ಕಟ್ಟುಪಾಡು ಮಾತ್ರ ಎಲ್ಲೂ ಇರಲಿಲ್ಲ. 2025ರ ಡಿಸೆಂಬರ್ 25 ಮತ್ತು 31ರಂದು ಡೆಲಿವರಿ ಕೆಲಸಗಾರರು ನಡೆಸಿದ ಮುಷ್ಕರಗಳ ಬಳಿಕ, 2026ರ ಜನವರಿಯಲ್ಲಿ ಬ್ಲಿಂಕಿಟ್ ತನ್ನ ಜಾಹೀರಾತಿನಿಂದ ಹತ್ತು ನಿಮಿಷದಲ್ಲಿ ತಲುಪಿಸುವ ಮಾತು ಕೈಬಿಟ್ಟದ್ದೂ ಕೇಂದ್ರ ಕಾರ್ಮಿಕ ಸಚಿವ ಮನ್ಸುಖ್ ಮಾಂಡವೀಯ ಮಧ್ಯ ಬಂದ ಮೇಲೆಯೇ.

ಇಷ್ಟವಿಲ್ಲದಿದ್ದರೆ ಬಿಟ್ಟುಹೋಗಬಹುದಲ್ಲ, ಯಾರು ಕಟ್ಟಿಹಾಕಿದ್ದಾರೆ ಎಂದು ಕೇಳುವವರಿದ್ದಾರೆ. ಬಿಟ್ಟುಹೋಗುವವರು ತಮ್ಮ ರೇಟಿಂಗನ್ನೂ ದುಡಿಮೆಯ ದಾಖಲೆಯನ್ನೂ ಜೊತೆಗೆ ಒಯ್ಯುವಂತಿದ್ದರೆ ಈ ಮಾತಿಗೆ ತೂಕವಿರುತ್ತಿತ್ತು.

ಇನ್ನೊಂದು ವಾದ ಅಂಕಿಅಂಶದ್ದು. 2025ರ ಸೆಪ್ಟೆಂಬರ್‌ನಲ್ಲಿ ಅರ್ಬನ್ ಕಂಪನಿಯ ಸುಮಾರು 1,900 ಕೋಟಿ ರೂಪಾಯಿಯ ಐಪಿಒಗೆ ನೂರು ಪಟ್ಟಿಗೂ ಹೆಚ್ಚು ಬೇಡಿಕೆ ಬಂತು. ನಂಬಿಕೆ ಹೋಗಿದ್ದರೆ ಹೀಗಾಗುತ್ತಿತ್ತೇ ಎನ್ನುತ್ತಾರೆ. ಷೇರು ಕೊಳ್ಳುವವರ ನಂಬಿಕೆಗೆ ಕಾರಣಗಳಿವೆ. ಅವರ ದುಡ್ಡಿಗೆ ಸೆಬಿ ಇದೆ, ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕೆಂಬ ನಿಯಮವಿದೆ, ಸುಳ್ಳು ಹೇಳಿದರೆ ದಂಡವಿದೆ, ಮತ ಹಾಕುವ ಹಕ್ಕಿದೆ. ಸ್ಥಾಪಕರ ಮುಖ ನೋಡಿಯಷ್ಟೇ ದುಡ್ಡು ಹಾಕಿ ಎಂದು ಹೂಡಿಕೆದಾರರಿಗೆ ಯಾರೂ ಹೇಳುವುದಿಲ್ಲ. ಕೆಲಸಗಾರರ ಸರದಿ ಬಂದಾಗ ಮಾತ್ರ ಕಂಪನಿಯ ಸದುದ್ದೇಶ ನಂಬಿ ಎಂಬ ಉಪದೇಶ ಶುರುವಾಗುತ್ತದೆ. ಕೆಲಸಗಾರರಿಗೂ ಷೇರು ಕೊಡುವ ಯೋಜನೆಯನ್ನು ಅರ್ಬನ್ ಕಂಪನಿ 2022ರ ಮಾರ್ಚ್‌ನಲ್ಲಿ ಪ್ರಕಟಿಸಿದ್ದು ನಿಜ. ಕೆಲವು ವರ್ಷಗಳಲ್ಲಿ ಸುಮಾರು 150 ಕೋಟಿ ರೂಪಾಯಿ ಮೌಲ್ಯದ ಷೇರು ಹಂಚುವುದಾಗಿ ಅದು ಹೇಳಿತ್ತು. ಪಡೆದವರಿಗೆ ಅದರಿಂದ ಒಳಿತಾಗಲಿ. ಆದರೆ ಮರುವರ್ಷವೇ ಐಡಿ ಬ್ಲಾಕ್ ವಿರುದ್ಧ ಅಷ್ಟೊಂದು ನಗರಗಳಲ್ಲಿ ಧರಣಿ ನಡೆದದ್ದೂ ನಿಜ. ಕೊಡುಗೆ ಕಂಪನಿಯ ಔದಾರ್ಯದಿಂದ ಬಂದದ್ದು. ಮಹಿಳೆಯರು ಕೇಳಿದ್ದು ಕಾರಣ ತಿಳಿಯುವ ಹಕ್ಕನ್ನು.

ಹಾಗಾದರೆ ನಂಬಿಕೆ ಎಲ್ಲಿಂದ ಬರುತ್ತದೆ? ಕರ್ನಾಟಕದ ಹಳ್ಳಿಗಳ ಸಹಕಾರ ಸಂಘದ ಹಾಲಿನ ಡೇರಿಯನ್ನು ಬಲ್ಲವರಿಗೆ ಉತ್ತರ ಕಷ್ಟವಲ್ಲ. ಬೆಳಿಗ್ಗೆ ಕ್ಯಾನು ಹಿಡಿದು ಬಂದವರ ಕಣ್ಣೆದುರೇ ಹಾಲು ಅಳೆಯುತ್ತಾರೆ, ಫ್ಯಾಟ್ ನೋಡುತ್ತಾರೆ, ಲೀಟರು, ಫ್ಯಾಟು, ದರ ಬರೆದ ಚೀಟಿ ಕೈಗೆ ಬರುತ್ತದೆ. ತಪ್ಪಾಗಿದೆ ಅನಿಸಿದರೆ ಅಲ್ಲೇ ನಿಂತು ಜಗಳವಾಡಬಹುದು. ಸಂಘದ ಆಡಳಿತ ಮಂಡಳಿಗೆ ಚುನಾವಣೆಯಾಗುತ್ತದೆ, ಕಾರ್ಯದರ್ಶಿ ಮೋಸ ಮಾಡಿದರೆ ಸದಸ್ಯರು ಸುಮ್ಮನಿರುವುದಿಲ್ಲ. ಡೇರಿಗಳಲ್ಲೂ ರಾಜಕೀಯವಿದೆ, ಕಳ್ಳತನವೂ ನಡೆಯುತ್ತದೆ. ಆದರೂ ದಿನಕ್ಕೆರಡು ಸಲ ಹಾಲು ಹಾಕುವವರು ಕಾರ್ಯದರ್ಶಿಯ ಒಳ್ಳೆಯತನದ ಮೇಲೆ ಬದುಕು ಕಟ್ಟಿಕೊಂಡಿಲ್ಲ. ಅಳತೆ ಕಣ್ಣಿಗೆ ಕಾಣುತ್ತದೆ, ಚೀಟಿ ಕೈಯಲ್ಲಿದೆ, ಓಟು ತಮ್ಮದಾಗಿದೆ. ಅರ್ಬನ್ ಕಂಪನಿಯ ರೇಟಿಂಗ್ ಲೆಕ್ಕದಲ್ಲಿ ಈ ಮೂರರಲ್ಲಿ ಒಂದಾದರೂ ಇದ್ದಿದ್ದರೆ ಉದ್ಯೋಗ ವಿಹಾರದ ಧರಣಿಯ ಅರ್ಧ ಬೇಡಿಕೆ ಉಳಿಯುತ್ತಿರಲಿಲ್ಲ.

ದುಡ್ಡಿಲ್ಲದೆ, ಬರೀ ಆಸಕ್ತಿಯಿಂದ ಸೇರಿದ ಸಮುದಾಯಗಳಲ್ಲೂ ಇದೇ ಕಥೆ. ಪ್ರೋಗ್ರಾಮರ್‌ಗಳು ಪರಸ್ಪರ ಪ್ರಶ್ನೋತ್ತರ ನಡೆಸುವ ಸ್ಟ್ಯಾಕ್ ಓವರ್‌ಫ್ಲೋ ಜಾಲತಾಣದ ಸ್ವಯಂಸೇವಕ ಮಾಡರೇಟರ್‌ಗಳು 2023ರ ಜೂನ್‌ನಲ್ಲಿ ಕೆಲಸ ನಿಲ್ಲಿಸಿದರು. ಯಂತ್ರ ಬರೆದ ಉತ್ತರಗಳನ್ನು ತೆಗೆಯುವ ಅವರ ಅಧಿಕಾರವನ್ನು ಕಂಪನಿ ಏಕಾಏಕಿ ಮೊಟಕುಗೊಳಿಸಿತ್ತು. 2019ರಲ್ಲೂ ಮಾಡರೇಟರ್ ಒಬ್ಬರನ್ನು ತೆಗೆದುಹಾಕಿದ್ದಕ್ಕೆ ಅಲ್ಲಿ ದೊಡ್ಡ ಗದ್ದಲವಾಗಿ, ಕಂಪನಿಯ ಹಿರಿಯರು ಬಹಿರಂಗವಾಗಿ ಕ್ಷಮೆ ಕೇಳಿದ್ದರು. ಆ ಕ್ಷಮೆ 2023ರ ಮುಷ್ಕರವನ್ನು ತಪ್ಪಿಸಲಿಲ್ಲ. ಮುಷ್ಕರ ಮುಗಿದದ್ದು ಆಗಸ್ಟ್‌ನಲ್ಲಿ, ಎರಡೂ ಕಡೆಯ ಪ್ರತಿನಿಧಿಗಳು ಕೂತು ಮಾತಾಡಿ ಷರತ್ತುಗಳನ್ನು ಬರಹಕ್ಕಿಳಿಸಿದ ಮೇಲೆ. ಅದೇ ಜೂನ್‌ನಲ್ಲಿ, ಹೊರಗಿನ ಆ್ಯಪ್‌ಗಳಿಗೆ ವಿಧಿಸಿದ ಹೊಸ ದರ ವಿರೋಧಿಸಿ, ಚರ್ಚಾತಾಣ ರೆಡ್ಡಿಟ್‌ನ ಸಾವಿರಾರು ಗುಂಪುಗಳು ಎರಡು ದಿನ ಬಾಗಿಲು ಮುಚ್ಚಿದ್ದವು. ಅಲ್ಲಿ ಇಂಥ ಒಪ್ಪಂದವಾಗಲಿಲ್ಲ. ಕಂಪನಿ ತನ್ನ ದರ ಬದಲಿಸಲಿಲ್ಲ, ಜನಪ್ರಿಯವಾಗಿದ್ದ ಅಪೋಲೊ ಆ್ಯಪ್ ತಿಂಗಳ ಕೊನೆಗೆ ಮುಚ್ಚಿಹೋಯಿತು.

ಕಂಪನಿಗಳು ಎತ್ತುವ ಒಂದು ಆಕ್ಷೇಪ ಗಂಭೀರವಾದದ್ದು. ಪ್ರತಿ ನಿಯಮಕ್ಕೂ ಸಾವಿರಾರು ಜನರ ಒಪ್ಪಿಗೆ ಕೇಳುತ್ತಾ ಕುಳಿತರೆ ವ್ಯಾಪಾರ ನಡೆಯುವುದಿಲ್ಲ ಎನ್ನುತ್ತವೆ. ಅಪರಿಚಿತರ ಮನೆಯೊಳಕ್ಕೆ ಹೋಗುವ ಕೆಲಸ ಇದು, ಗ್ರಾಹಕಿಯ ಸುರಕ್ಷತೆಯ ಪ್ರಶ್ನೆ ಬಂದಾಗ ಆ ಕ್ಷಣವೇ ಐಡಿ ನಿಲ್ಲಿಸಬೇಕಾಗುತ್ತದೆ. ಈ ಮಾತನ್ನು ಒಪ್ಪಲೇಬೇಕು. ಕಳ್ಳತನದ ದೂರು ಬಂದವರನ್ನು ಮರುದಿನವೂ ಇನ್ನೊಂದು ಮನೆಗೆ ಕಳಿಸಿ ಎಂದು ಯಾರೂ ಕೇಳುತ್ತಿಲ್ಲ. ಸುರಕ್ಷತೆಯ ದೂರಿಗೆ ಕೂಡಲೇ ತಡೆ ಇರಲಿ, ಆದರೆ ಇಂತಿಷ್ಟು ದಿನದೊಳಗೆ ವಿಚಾರಣೆ ಆಗಲಿ. ಸರಾಸರಿ 4.6 ಆಯಿತೆಂಬುದು ಸುರಕ್ಷತೆಯ ವಿಷಯವಲ್ಲ. ಕಮಿಷನ್ ಬದಲಾಗುವುದು, ದರ್ಜೆ ಬದಲಾಗುವುದು ತುರ್ತು ಸಂಗತಿಯಲ್ಲ. ಅವಕ್ಕೆ ಮುಂಚಿತ ನೋಟಿಸ್ ಕೊಡಬಹುದು, ಆಯ್ಕೆಯಾದ ಪ್ರತಿನಿಧಿಗಳ ಜೊತೆ ಕೂತು ಮಾತಾಡಬಹುದು, ಒಪ್ಪಿದ್ದನ್ನು ಇಂತಿಷ್ಟು ಕಾಲ ಮುಟ್ಟುವುದಿಲ್ಲವೆಂದು ಬರೆದುಕೊಡಬಹುದು. ಆ್ಯಪ್ ನಡೆಸುವವರ ಜಾಣ್ಮೆಗೆ ಇದು ಮೀರಿದ ಕೆಲಸವೇನಲ್ಲ. ಗ್ರಾಹಕರಿಗೆ ಹದಿನೈದು ನಿಮಿಷದಲ್ಲಿ ಮನೆಬಾಗಿಲಿಗೆ ಜನ ಕಳಿಸಬಲ್ಲವರು ಕೆಲಸಗಾರರಿಗೆ ಹದಿನೈದು ದಿನದಲ್ಲಿ ಕಾರಣ ಕೊಡಲಾರರೇ?

ಈ ದಾರಿ ಕರ್ನಾಟಕದಲ್ಲಿ ಈಗಾಗಲೇ ಕಾನೂನಾಗಿದೆ. 2021ರಲ್ಲಿ ಗುರುಗ್ರಾಮದ ಮಹಿಳೆಯರು ಧರಣಿ ಕುಳಿತಾಗ ದೇಶದ ಯಾವ ರಾಜ್ಯದಲ್ಲೂ ಹೀಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕೆಲಸಗಾರರಿಗೆಂದು ಪ್ರತ್ಯೇಕ ಕಾಯ್ದೆ ಇರಲಿಲ್ಲ. ಮೊದಲನೆಯದು ಬಂದದ್ದು 2023ರಲ್ಲಿ, ರಾಜಸ್ಥಾನದಲ್ಲಿ. ಕರ್ನಾಟಕ 2025ರ ಮೇನಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷ ಅದನ್ನು ಕಾಯ್ದೆಯಾಗಿಸಿತು. ಪ್ರತಿ ವಹಿವಾಟಿನಲ್ಲಿ ಕೆಲಸಗಾರರಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕದ ಬಗ್ಗೆಯೇ ಪತ್ರಿಕೆಗಳು ಹೆಚ್ಚು ಬರೆದವು. ಅದಕ್ಕಿಂತ ಮುಖ್ಯವಾದ ಅಂಶಗಳು ಅದರಲ್ಲಿವೆ. ಕೆಲಸದಿಂದ ತೆಗೆಯುವ ಮೊದಲು ಲಿಖಿತ ಕಾರಣ ಕೊಟ್ಟು 14 ದಿನಗಳ ನೋಟಿಸ್ ನೀಡಬೇಕು. ರೇಟಿಂಗ್, ಕೆಲಸ ಹಂಚಿಕೆಯಂಥದ್ದನ್ನು ಯಂತ್ರ ಹೇಗೆ ನಿರ್ಧರಿಸುತ್ತದೆ ಎಂಬುದನ್ನು ಕೆಲಸಗಾರರಿಗೆ ತಿಳಿಸಬೇಕು. ತಕರಾರು ಕೇಳಲು ಸಮಿತಿ ಇರಬೇಕು. 2025ರ ನವೆಂಬರ್ 21ರಿಂದ ದೇಶವ್ಯಾಪಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇವು ಯಾವುವೂ ಇಲ್ಲ. ಅದು ಕಂಪನಿಗಳಿಂದ ನಿಧಿಗೆ ಹಣ ಪಡೆಯುತ್ತದೆ, ವಿಮೆಯಂಥ ಸೌಲಭ್ಯಕ್ಕೆ ದಾರಿ ಮಾಡುತ್ತದೆ. ಐಡಿ ಏಕೆ ಹೋಯಿತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದಿಲ್ಲ.

ಕರ್ನಾಟಕದ ಕಾಯ್ದೆ ಕಾಗದದಿಂದ ಇಳಿದು ಬೀದಿಗೆ ಬರುವಂತೆ ನೋಡಿಕೊಳ್ಳುವ ಕೆಲಸ ಇಲ್ಲಿನ ಸರ್ಕಾರದ್ದು, ಸಂಘಟನೆಗಳದ್ದು. ಆದರೆ ಕಾಯ್ದೆ ಒಂದು ವಿಚಿತ್ರ ಸ್ಥಿತಿಯನ್ನೂ ಎದುರಿಗಿಟ್ಟಿದೆ. ಒಂದೇ ಆ್ಯಪ್, ಒಂದೇ ಬ್ಯಾಗು, ಒಂದೇ ಕೆಲಸ. ಬೆಂಗಳೂರಿನ ಜಯನಗರದಲ್ಲಿ ಫೇಶಿಯಲ್ ಮಾಡುವವಳಿಗೆ 14 ದಿನಗಳ ನೋಟಿಸ್ ಕಾನೂನುಬದ್ಧ ಹಕ್ಕು, ಗುರುಗ್ರಾಮದಲ್ಲಿ ಮಾಡುವವಳಿಗೆ ಅದು ಕಂಪನಿಯ ಮರ್ಜಿ. ಈ ಅಂತರ ಅಳಿಸಲು ಕಂಪನಿ ಯಾವ ವಿಧಾನಸಭೆಗೂ ಕಾಯಬೇಕಿಲ್ಲ. ಕರ್ನಾಟಕದಲ್ಲಿ ಪಾಲಿಸಬೇಕಾದದ್ದನ್ನೇ ಎನ್‌ಸಿಆರ್‌ನ ಕರಾರುಪತ್ರದಲ್ಲೂ ಸೇರಿಸಬಹುದು. ಎಷ್ಟು ಐಡಿ ಬ್ಲಾಕ್ ಆದವು, ಯಾವ ಕಾರಣಕ್ಕೆ, ಎಷ್ಟನ್ನು ಮರಳಿ ಕೊಡಲಾಯಿತು ಎಂಬ ಲೆಕ್ಕವನ್ನು ಷೇರುದಾರರಿಗೆ ಕೊಡುವ ತ್ರೈಮಾಸಿಕ ಲೆಕ್ಕದ ಜೊತೆಗೇ ಪ್ರಕಟಿಸಬಹುದು. ಧರಣಿ ಕುಳಿತವರ ಮೇಲೆ ಇನ್ನು ದಾವೆ ಹೂಡುವುದಿಲ್ಲ ಎಂದು ಅದೇ ಕರಾರಿನಲ್ಲಿ ಬರೆದು ಸಹಿ ಹಾಕಬಹುದು.